ಎರಡೂವರೆ ಗುಂಟೆಗೆ ಒಂದು ಹಳೇ ಮೆರಿ ಟಿಲ್ಲರ್: ಐದು ವರ್ಷ ಬಳಸಿದ ಮೇಲೆ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನನಗೊಂದು ಅಲಾಟ್‌ಮೆಂಟ್ ಇದೆ. ತರಕಾರಿ ಬೆಳೆದುಕೊಳ್ಳಲಿ ಅಂತ ಇಲ್ಲಿ ಕೌನ್ಸಿಲ್‌ನವರು ವರ್ಷದ ಬಾಡಿಗೆಗೆ ಕೊಡುವ ತುಂಡು ಜಮೀನು ಅದು. ಪೂರ್ತಿ ಪ್ಲಾಟ್ ಅಂದರೆ ಹಳೇ ಅಳತೆಯಲ್ಲಿ 10 ರಾಡ್, ಸುಮಾರು 250 ಚದರ ಮೀಟರ್. ನಮ್ಮೂರಿನ ಲೆಕ್ಕಕ್ಕೆ ಎರಡೂವರೆ ಗುಂಟೆ. ಕೇಳಲು ಅಷ್ಟೇನಾ ಅನಿಸುತ್ತದೆ, ಅಲ್ವಾ? ಜೇಡಿಮಣ್ಣು. ತೋಟದ ಫೋರ್ಕ್ ಹಿಡಿದು ಒಂದು ಮೂಲೆ ಅಗೆಯುವಷ್ಟರಲ್ಲಿ ಶನಿವಾರ ಮುಗಿದಿರುತ್ತದೆ, ಭಾನುವಾರ ಸೊಂಟ ಏಳುವುದಿಲ್ಲ.

ಅದಕ್ಕೇ 2020ರಲ್ಲಿ 150 ಪೌಂಡ್ ಕೊಟ್ಟು ಈ ವೂಲ್ಸ್‌ಲಿ ಮೆರಿ ಟಿಲ್ಲರ್ ತಂದೆ, ಹಿಂದೆ ನಡೆಯುತ್ತಾ ಉಳುವ ಪುಟ್ಟ ಪೆಟ್ರೋಲ್ ಯಂತ್ರ. ಹೊಸ ಯಂತ್ರ ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದದ್ದು, ಬ್ರಿಗ್ಸ್ ಕಂಪನಿಯ ಇಂಜಿನ್, ವಯಸ್ಸು ನನಗಿಂತ ಜಾಸ್ತಿ. ಇದರಲ್ಲಿ ಚಕ್ರ ಬೇರೆ, ಬ್ಲೇಡ್ ಬೇರೆ ಅಂತ ಇಲ್ಲ. ಶೆಡ್‌ನಿಂದ ತರುವಾಗ ಅಚ್ಚಿಗೆ ಚಕ್ರ ಹಾಕುತ್ತೇವೆ, ಉಳುವಾಗ ಅದೇ ಅಚ್ಚಿಗೆ ಬ್ಲೇಡ್. ಮಣ್ಣು ಅಗೆಯುತ್ತಲೇ ಯಂತ್ರ ಮುಂದೆ ಹೋಗುತ್ತದೆ.

ನನಗೆ ತುಂಬಾ ಇಷ್ಟವಾಗುವುದು ಇಂಜಿನ್ ಶುರು ಮಾಡುವುದಕ್ಕೂ ಮುಂಚಿನ ಹದಿನೈದು ನಿಮಿಷ. ಮಾರ್ಚ್ ಕೊನೆಯಲ್ಲಿ ಎರಡು ದಿನ ಬಿಸಿಲು ಬಂದರೆ ಸಾಕು, ಬೆಳಿಗ್ಗೆ ಹೋಗಿ ಒಂದು ಹಿಡಿ ಮಣ್ಣು ತೆಗೆದು ಉಂಡೆ ಮಾಡುತ್ತೇನೆ. ಹೆಬ್ಬೆರಳಿನಿಂದ ಒತ್ತಿದಾಗ ರಾಗಿಮುದ್ದೆಯ ಹಾಗೆ ಬರೀ ಗುಳಿ ಬಿದ್ದರೆ ಅವತ್ತು ಶೆಡ್ ಬಾಗಿಲು ತೆಗೆಯುವುದಿಲ್ಲ. ಪುಡಿಯಾಗಿ ಉದುರಿದರೆ ಹದ ಬಂದಿದೆ ಅಂತ ಅರ್ಥ. ಆಮೇಲೆ ಎಣ್ಣೆ. ಈ ಹಳೇ ಇಂಜಿನ್‌ಗೆ ಎಣ್ಣೆ ನೋಡುವ ಕಡ್ಡಿಯೇ ಇಲ್ಲ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬಿರಡೆ ತೆಗೆದು, ಎಣ್ಣೆ ಬಾಯಿಯ ಅಂಚಿಗೆ ಬಂದಿದೆಯಾ ಅಂತ ನೋಡಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿ ತಂತಿ ಬ್ರಶ್‌ನಿಂದ ಉಜ್ಜುತ್ತೇನೆ, ತುದಿಯ ಸಂದು ಸರಿಯಿದೆಯಾ ಅಂತ 0.03 ಇಂಚಿನ ಗೇಜ್ ತೂರಿಸಿ ನೋಡುತ್ತೇನೆ. ಪೆಟ್ರೋಲ್ ಬಿಡುವ ನಲ್ಲಿ ತಿರುಗಿಸಿ, ಚೋಕ್ ಎಳೆದು, ಹಗ್ಗ ಒಂದು ಸಲ, ಎರಡು ಸಲ. ಮೂರನೇ ಸಲಕ್ಕೆ ಕೆಮ್ಮಿ ಹೊತ್ತಿಕೊಳ್ಳುತ್ತದೆ. ಆ ಸದ್ದಿಗೆ ಪಕ್ಕದ ಪ್ಲಾಟಿನ ಅಜ್ಜ ಚಹಾ ಫ್ಲಾಸ್ಕ್ ಹಿಡಿದು ಬಂದು ಬದುವಿನ ಮೇಲೆ ನಿಲ್ಲುತ್ತಾರೆ.

ಓಡಿಸುವುದನ್ನು ಕಲಿಸಿದ್ದೂ ಅವರೇ. ಶುರುವಿನಲ್ಲಿ ನಾನು ಸುಮ್ನೆ ಮುಂದಕ್ಕೆ ತಳ್ಳುತ್ತಿದ್ದೆ, ಯಂತ್ರ ಗಟ್ಟಿ ನೆಲದ ಮೇಲೆ ಕುಪ್ಪಳಿಸಿ ಓಡುತ್ತಿತ್ತು, ನಾನು ಹಿಂದೆ ಹಿಂದೆ. ತಳ್ಳಲೇಬಾರದು. ಹಿಂಬದಿಯಲ್ಲಿ ಒಂದು ಕಬ್ಬಿಣದ ಪಟ್ಟಿ ಇದೆ, ಹಿಡಿ ಕೆಳಗೆ ಅದುಮಿದರೆ ಅದು ನೆಲಕ್ಕೆ ನಾಟಿ ಓಟ ತಡೆಯುತ್ತದೆ, ಬ್ಲೇಡು ನಿಂತಲ್ಲೇ ಆಳಕ್ಕೆ ಇಳಿಯುತ್ತದೆ. ಸ್ವಲ್ಪ ಎತ್ತಿದರೆ ಮುಂದೆ. ಅದುಮು, ಬಿಡು, ಅದುಮು, ಬಿಡು. ಚಿಕ್ಕವನಿದ್ದಾಗ ಅಪ್ಪ ನೇಗಿಲಿನ ಹಿಡಿಯನ್ನು ಹೀಗೇ ಕೈಯಲ್ಲಿ ಆಡಿಸುತ್ತಿದ್ದರು. ಅರ್ಧ ಗಂಟೆಗೆ ಅಂಗೈ ಜುಮ್ ಅನ್ನುತ್ತದೆ, ನಿಜ. ಆದರೆ ಹಿಂದೆ ತಿರುಗಿದರೆ ಮಣ್ಣು ಜರಡಿ ಹಿಡಿದ ಹಾಗೆ ಇರುತ್ತದೆ. ಮೊದಲ ವರ್ಷ ಆಲೂಗಡ್ಡೆ, ಮೆಂತ್ಯ, ಕೊತ್ತಂಬರಿ ಎಲ್ಲ ಹಾಗೇ ಬಂದವು. ಆಗ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಕೊಟ್ಟಿರುತ್ತಿದ್ದೆ.

ಎರಡನೇ ವರ್ಷ ಬೇಸಿಗೆಯಲ್ಲಿ ಬೈಂಡ್‌ವೀಡ್ ಎದ್ದಿತು.

ಬಿಳಿ ಹೂವಿನ ಬಳ್ಳಿ, ನೋಡಲು ಚೆಂದ. ನಾನು ಪ್ಲಾಟ್ ತೆಗೆದುಕೊಂಡಾಗ ಬೇಲಿ ಮೂಲೆಯಲ್ಲಿ ಮಾತ್ರ ಇತ್ತು, ಜೊತೆಗೆ ಗರಿಕೆಯಂಥ ಕೌಚ್ ಹುಲ್ಲು ಸ್ವಲ್ಪ. ಅದರ ಮೇಲೇ ಎರಡು ಸಲ ಯಂತ್ರ ಓಡಿಸಿ, ಬೇರು ಪುಡಿಯಾಯಿತು, ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಆ ಬಿಳಿ ಬೇರು ನೂಡಲ್ಸ್ ಹಾಗೆ ಪಟ್ ಅಂತ ಮುರಿಯುತ್ತದೆ, ಮುರಿದ ಒಂದೊಂದು ತುಂಡೂ ಚಿಗುರುತ್ತದೆ. ಬ್ಲೇಡು ಅದನ್ನು ಕೊಚ್ಚಿ, ಅರ್ಧ ಪ್ಲಾಟಿನವರೆಗೆ ಎಳೆದುಕೊಂಡು ಹೋಗಿತ್ತು. ಜುಲೈ ಹೊತ್ತಿಗೆ ಬೀನ್ಸ್ ಕಡ್ಡಿಗೆ ಬೀನ್ಸ್‌ಗಿಂತ ಮುಂಚೆ ಅದೇ ಹತ್ತಿತ್ತು. ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದೆ. "ಗರಿಕೆ ಇರೋ ಹೊಲಕ್ಕೆ ರೋಟವೇಟರ್ ಹೊಡೀತಾರೇನೋ ಮಗಾ? ಕೊಚ್ಚಿ ಕೊಚ್ಚಿ ನೀನೇ ನಾಟಿ ಮಾಡ್ದಂಗಾಯ್ತಲ್ಲೋ" ಅಂದರು. ಹಾಸನದ ಕಡೆ ಎಲ್ಲ ರೈತರಿಗೂ ಗೊತ್ತಿರುವ ವಿಷಯ. ಒಂದು ಫೋನ್ ಮಾಡಿ ಕೇಳಿದ್ದರೆ ಆಗುತ್ತಿತ್ತು ಅಂತ ಇವತ್ತಿಗೂ ಸಂಕಟವಾಗುತ್ತದೆ.

ಇದು ಮೆರಿ ಟಿಲ್ಲರ್‌ನ ತಪ್ಪಲ್ಲ, ತಿರುಗುವ ಬ್ಲೇಡಿನ ಯಾವ ಯಂತ್ರವಾದರೂ ಇದನ್ನೇ ಮಾಡುತ್ತದೆ. 1912ರಲ್ಲಿ ಆಸ್ಟ್ರೇಲಿಯಾದಲ್ಲಿ ಕ್ಲಿಫರ್ಡ್ ಹೊವರ್ಡ್ ಎಂಬ ಹುಡುಗ ಅಪ್ಪನ ಜಮೀನಿನಲ್ಲಿ ತಿರುಗುವ ಬ್ಲೇಡಿನ ಪ್ರಯೋಗ ಶುರು ಮಾಡಿದ್ದು ಮಣ್ಣನ್ನು ಸಣ್ಣಗೆ ಕೊಚ್ಚುವುದಕ್ಕೇ. ಮುಂದೆ ಅವನ ಕಂಪನಿ ಇಟ್ಟ ಹೆಸರೇ ರೋಟವೇಟರ್, ಈಗ ನಮ್ಮೂರಲ್ಲೂ ಎಲ್ಲರ ಬಾಯಲ್ಲಿ ಇರುವುದು ಅದೇ. ಯಾವ ಬೇರು ಕೊಚ್ಚಬೇಕು, ಯಾವುದನ್ನು ಕಿತ್ತು ಆಚೆ ಎಸೆಯಬೇಕು ಅನ್ನುವುದನ್ನು ನಾವೇ ನೋಡಿಕೊಳ್ಳಬೇಕು.

ಇನ್ನೊಂದು ವಿಷಯ ಪೆಟ್ರೋಲ್. 2021ರ ಸೆಪ್ಟೆಂಬರ್‌ನಿಂದ ಇಲ್ಲಿ ಮಾಮೂಲಿ ಪೆಟ್ರೋಲ್ ಅಂದರೆ ಇ10, ಅದರಲ್ಲಿ ಶೇ 10ರವರೆಗೆ ಎಥನಾಲ್ ಇರುತ್ತದೆ. ಹಳೇ ರಬ್ಬರ್‌ಗೆ ಅದು ಆಗಿಬರುವುದಿಲ್ಲ. ಮುಂದಿನ ವಸಂತದಲ್ಲಿ ನನ್ನ ಪೈಪ್ ಮೆತ್ತಗಾಗಿ ಸೋರಿತು, ಕಾರ್ಬ್ಯುರೇಟರ್ ಪೂರ್ತಿ ಬಿಚ್ಚಿ ತೊಳೆಯಬೇಕಾಯಿತು. ಈಗ ಎಥನಾಲ್ ತಡೆಯುವ ಪೈಪ್ ಹಾಕಿದ್ದೇನೆ, ದುಬಾರಿಯಾದರೂ ಎಥನಾಲ್ ಕಡಿಮೆ ಇರುವ ಇ5 ಪೆಟ್ರೋಲ್ ತರುತ್ತೇನೆ, ಅಕ್ಟೋಬರ್‌ನಲ್ಲಿ ಟ್ಯಾಂಕ್ ಖಾಲಿ ಮಾಡಿಯೇ ಮಲಗಿಸುತ್ತೇನೆ.

ಮಾರಿಬಿಡು ಅಂತ ಹೆಂಡತಿ ಒಂದು ಸಲ ಹೇಳಿದಳು. ಆಗಲಿಲ್ಲ. ಈಗ ವರ್ಷಕ್ಕೆ ಎರಡೇ ಸಲ ತೆಗೆಯುತ್ತೇನೆ, ಅದೂ ಶುದ್ಧವಾದ ಅರ್ಧಕ್ಕೆ ಮಾತ್ರ. ಪ್ರತಿ ಸಲ ಒಂದೇ ಆಳಕ್ಕೆ ಹೊಡೆದರೆ ಜೇಡಿಮಣ್ಣು ಬ್ಲೇಡಿನ ಕೆಳಗೆ ಹಲಗೆಯ ಹಾಗೆ ಗಟ್ಟಿಯಾಗಿ ನೀರು ನಿಲ್ಲುತ್ತದೆ, ಅದಕ್ಕೇ ಅಲ್ಲಲ್ಲಿ ಫೋರ್ಕ್ ಚುಚ್ಚಿ ಅಲುಗಾಡಿಸುತ್ತೇನೆ.

ಕೊಳ್ಳುವವರಿಗೆ ಹೇಳುವುದಿಷ್ಟೇ: ಮೊದಲು ನಿಮ್ಮ ನೆಲ ಒಂದಡಿ ಅಗೆದು ನೋಡಿ. ಬಿಳಿ ಬೇರು ಕಂಡರೆ ಒಂದೆರಡು ವರ್ಷ ಕೈಯಲ್ಲೇ ಆರಿಸಿ, ಆಮೇಲೆ ಯಂತ್ರ ಹುಡುಕಿ. ಕಾಣದಿದ್ದರೆ ಇಂಥದ್ದು ಸಿಕ್ಕಿದ ದಿನವೇ ತನ್ನಿ.

ನನ್ನದು ಇನ್ನೂ ಮುಗಿದಿಲ್ಲ. ಈ ಏಪ್ರಿಲ್‌ನಲ್ಲಿ ಆಲೂಗಡ್ಡೆ ಸಾಲಿಗೆ ಟಿಲ್ಲರ್ ಹೊಡೆದು ನಿಲ್ಲಿಸಿ, ಫೋರ್ಕ್ ಹಿಡಿದು ಬೇಲಿ ಕಡೆಗೆ ಹೋದೆ. ಅವತ್ತು ಮುಕ್ಕಾಲು ಬಕೆಟ್ ಬೇರು ಸಿಕ್ಕಿತು. ಹೋದ ವರ್ಷ ಅಷ್ಟೇ ಜಾಗದಲ್ಲಿ ಮೂರು ಬಕೆಟ್ ತೆಗೆದಿದ್ದೆ.