ರಸ್ಟ್‌ನ ‘ರೆಡ್ಯೂಸ್’: ಹೊಸ ಹೆಸರಿನ ಮೆಥಡ್ ಬಳಕೆಗೆ ಹೇಗಿದೆ?

ರಸ್ಟ್ ಪ್ರೋಗ್ರಾಮಿಂಗ್ ಭಾಷೆಯ ಇಟರೇಟರ್‌ಗಳಿಗೆ (ಅಂಶಗಳನ್ನು ಒಂದೊಂದಾಗಿ ಕೊಡುವಂಥವು) ‘ರೆಡ್ಯೂಸ್’, ಅಂದರೆ ಎಲ್ಲ ಅಂಶಗಳನ್ನು ಸೇರಿಸಿ ಒಂದೇ ಉತ್ತರವಾಗಿಸುವ ಮೆಥಡ್, ಸ್ಟೇಬಲ್ (ಎಲ್ಲರ ಬಳಕೆಗೆ ಸಿದ್ಧ) ಆಗಿ ಸಿಕ್ಕಿದ್ದು 1.51ನೇ ಆವೃತ್ತಿಯಲ್ಲಿ, 2021ರ ಮಾರ್ಚ್ 25ರಂದು. ಅದಕ್ಕೂ ಮುಂಚೆ ಇದೇ ಮೆಥಡ್ ಪ್ರಯೋಗದ ಹಂತದ ಸೌಲಭ್ಯಗಳಿರುವ ನೈಟ್ಲಿ ಕಂಪೈಲರ್‌ನಲ್ಲಿ ‘ಫೋಲ್ಡ್_ಫಸ್ಟ್’ ಆಗಿತ್ತು. ಬಳಸಬೇಕೆಂದರೆ ‘ಇಟರೇಟರ್_ಫೋಲ್ಡ್_ಸೆಲ್ಫ್’ ಎಂಬ ಫೀಚರನ್ನು ಕ್ರೇಟ್‌ನ (ರಸ್ಟ್ ಕೋಡ್‌ನ ಪ್ಯಾಕೇಜ್) ಆರಂಭದಲ್ಲೇ ತೆರೆಯಬೇಕಿತ್ತು. ಒಂದೇ ಕೆಲಸಕ್ಕೆ ಮೆಥಡ್‌ನಲ್ಲಿ ಒಂದು ಹೆಸರು, ಫೀಚರ್‌ನಲ್ಲಿ ಇನ್ನೊಂದು. ಸ್ಟೇಬಲ್ ಮಾಡುವಾಗ ಎರಡನ್ನೂ ಬಿಟ್ಟು ‘ರೆಡ್ಯೂಸ್’ ಎಂದಿಟ್ಟದ್ದು ಒಳ್ಳೆಯದೇ ಆಯಿತು. ‘ಫೋಲ್ಡ್ ಫಸ್ಟ್’ ಎಂದು ಓದಿದವರಿಗೆ ಮೊದಲ ಅಂಶವನ್ನಷ್ಟೇ ಮಡಚುತ್ತದೇನೋ ಅನ್ನಿಸುತ್ತಿತ್ತು. ಪೈಥಾನ್, ಜಾವಾ, ಕಾಟ್ಲಿನ್ ಕಡೆಯಿಂದ ಬಂದವರು ಹುಡುಕುವುದೂ ‘ರೆಡ್ಯೂಸ್’ ಅನ್ನೇ. ಇಟರ್‌ಟೂಲ್ಸ್ ಕ್ರೇಟ್‌ನಲ್ಲಿದ್ದ ‘ಫೋಲ್ಡ್1’ ಕೂಡ ಈಗ ಡೆಪ್ರಿಕೇಟ್ (ಇನ್ನು ಬಳಸಬೇಡಿ ಎಂಬ ಗುರುತು) ಆಗಿ ಇದರ ಕಡೆಗೇ ಕೈ ತೋರಿಸುತ್ತದೆ.

ಒಳಗಿರುವುದು ಎರಡೇ ಹೆಜ್ಜೆ. ‘ನೆಕ್ಸ್ಟ್’ ಕರೆದು ಮೊದಲ ಅಂಶವನ್ನು ತೆಗೆದುಕೊಳ್ಳುತ್ತದೆ, ಅದನ್ನೇ ಆರಂಭದ ಬೆಲೆಯಾಗಿಟ್ಟು ಉಳಿದದ್ದನ್ನು ‘ಫೋಲ್ಡ್’ ಮಾಡುತ್ತದೆ, ಅಂದರೆ ಒಂದೊಂದಾಗಿ ಅದರೊಂದಿಗೆ ಸೇರಿಸುತ್ತ ಹೋಗುತ್ತದೆ. ಇಟರೇಟರ್ ಖಾಲಿಯಿದ್ದರೆ ‘ನನ್’ (None, ಏನೂ ಇಲ್ಲ), ಇಲ್ಲದಿದ್ದರೆ ‘ಸಮ್’ (Some) ಒಳಗೆ ಉತ್ತರ. ಒಂದೇ ಅಂಶವಿದ್ದರೆ ಕ್ಲೋಶರ್ (ಎರಡು ಅಂಶಗಳನ್ನು ಒಂದಾಗಿಸಲು ನಾವು ಕೊಡುವ ಚಿಕ್ಕ ಫಂಕ್ಷನ್) ಒಮ್ಮೆಯೂ ಓಡುವುದಿಲ್ಲ. ಹಾಗಾಗಿ ಕ್ಲೋಶರ್ ಒಳಗೆ ಲಾಗ್ ಅಥವಾ ತಪಾಸಣೆ ಇಟ್ಟರೆ ಈ ಸಂದರ್ಭದಲ್ಲಿ ಅದು ತಪ್ಪಿಹೋಗುತ್ತದೆ.

ಖಾಲಿ ಪಟ್ಟಿಯ ವಿಷಯದಲ್ಲಿ ರಸ್ಟ್‌ನ ನಡೆ ನಮಗೆ ತುಂಬಾ ಇಷ್ಟ. ಆರಂಭದ ಬೆಲೆ ಕೊಡದೆ ಖಾಲಿ ಪಟ್ಟಿಯನ್ನು ರೆಡ್ಯೂಸ್ ಮಾಡಿದರೆ ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್ ಟೈಪ್‌ಎರರ್ ಎಸೆಯುತ್ತವೆ. ಕಾಟ್ಲಿನ್ ಕೂಡ ಎಕ್ಸೆಪ್ಶನ್ ಎಸೆಯುತ್ತದೆ, ಅದನ್ನು ತಪ್ಪಿಸಲು ‘ರೆಡ್ಯೂಸ್‌ಆರ್‌ನಲ್’ ಬೇಕು. ರಸ್ಟ್ ‘ಆಪ್ಷನ್’ (‘ಸಮ್’ ಅಥವಾ ‘ನನ್’) ಕೊಡುವುದರಿಂದ ಖಾಲಿಯಾದರೆ ಏನು ಮಾಡಬೇಕೆಂದು ಬರೆಯುವಾಗಲೇ ನಿರ್ಧರಿಸಬೇಕಾಗುತ್ತದೆ. ಜಾವಾದಲ್ಲೂ ಆರಂಭದ ಬೆಲೆಯಿಲ್ಲದ ರೂಪ ‘ಆಪ್ಷನಲ್’ ಕೊಡುತ್ತದೆ.

ಹೊಸಬರು ಮೊದಲು ಎಡವುವುದು ರೆಫರೆನ್ಸ್‌ನಲ್ಲಿ (ಬೆಲೆಯ ಬದಲು ಅದಿರುವ ಜಾಗವನ್ನು ತೋರಿಸುವುದು). ಐ32 (ಪೂರ್ಣಾಂಕ) ಸಂಖ್ಯೆಗಳ ವೆಕ್ಟರ್ ಮೇಲೆ ‘ಇಟರ್’ ಕರೆದು, ರೆಡ್ಯೂಸ್‌ನಲ್ಲಿ ಎ ಮತ್ತು ಬಿ ಕೂಡಿಸಿದರೆ ಟೈಪ್ ಹೊಂದುತ್ತಿಲ್ಲ ಎನ್ನುವ ಇ0308 ದೋಷ ಬರುತ್ತದೆ. ‘ಇಟರ್’ ಕೊಡುವುದು ರೆಫರೆನ್ಸ್, ಕೂಡಿಸಿದಾಗ ಬರುವುದು ಐ32. ಕ್ಲೋಶರ್ ತೆಗೆದುಕೊಳ್ಳುವ ಟೈಪ್, ಹಿಂತಿರುಗಿಸುವ ಟೈಪ್ ಎರಡೂ ಒಂದೇ ಇರಬೇಕು. ನಡುವೆ, ರೆಫರೆನ್ಸ್‌ನಿಂದ ಬೆಲೆಯನ್ನೇ ನಕಲು ಮಾಡಿಕೊಡುವ ‘ಕಾಪೀಡ್’ ಸೇರಿಸಿದರೆ ಸರಿಹೋಗುತ್ತದೆ. ಸ್ಟ್ರಿಂಗ್ ಆದರೆ ‘ಇಂಟು_ಇಟರ್’ ಒಳ್ಳೆಯದು, ಎಡಗಡೆಯ ಸ್ಟ್ರಿಂಗ್‌ನ ಬಫರ್‌ಗೇ ಮುಂದಿನದು ಸೇರಿಕೊಳ್ಳುತ್ತದೆ. ಅದೇ ಜಾಗದಲ್ಲಿ ‘ಫಾರ್ಮ್ಯಾಟ್’ ಮ್ಯಾಕ್ರೋ ಬಳಸಿದರೆ ಪ್ರತಿ ಸುತ್ತಿಗೂ ಹೊಸ ಸ್ಟ್ರಿಂಗ್ ಹುಟ್ಟಿ, ಹಳೆಯದೆಲ್ಲ ಮತ್ತೆ ನಕಲಾಗುತ್ತದೆ. ಅಲ್ಪವಿರಾಮ ಹಾಕಿ ಜೋಡಿಸುವುದಷ್ಟೇ ಕೆಲಸವಾದರೆ ಸ್ಲೈಸ್‌ನ ‘ಜಾಯ್ನ್’ ಸಾಕು, ರೆಡ್ಯೂಸ್ ಬೇಡ. ಪದಗಳ ಉದ್ದ ಕೂಡಿಸುವಂಥ, ಟೈಪ್ ಬದಲಾಗುವ ಕೆಲಸಕ್ಕೂ ಇದು ಒಗ್ಗುವುದಿಲ್ಲ. ‘ಮ್ಯಾಪ್’ ಮಾಡಿ ‘ಸಮ್’ ಎನ್ನುವ ಒಟ್ಟು ಮೊತ್ತದ ಮೆಥಡ್ ಕರೆಯಿರಿ, ಇಲ್ಲವೇ ‘ಫೋಲ್ಡ್’ ಬಳಸಿ.

ಈ ಮೆಥಡ್ ನಿಜವಾಗಿ ಬೆಲೆ ತರುವುದು ಎಫ್64 (ದಶಮಾಂಶ ಸಂಖ್ಯೆ) ಪಟ್ಟಿಯಲ್ಲಿ ದೊಡ್ಡದನ್ನು ಹುಡುಕುವಾಗ. ಎಫ್64ಗೆ, ಎಲ್ಲ ಬೆಲೆಗಳಿಗೂ ಹೋಲಿಕೆಯ ಕ್ರಮ ಕೊಡುವ ‘ಆರ್ಡ್’ ಟ್ರೇಟ್ (ಟೈಪ್‌ಗೆ ಇರಬೇಕಾದ ಮೆಥಡ್‌ಗಳ ಪಟ್ಟಿ) ಇಲ್ಲದ್ದರಿಂದ ಇಟರೇಟರ್‌ನ ‘ಮ್ಯಾಕ್ಸ್’ ನಡೆಯದು. ‘ಇಟರ್’, ‘ಕಾಪೀಡ್’, ಆಮೇಲೆ ರೆಡ್ಯೂಸ್‌ಗೆ ‘ಎಫ್64::ಮ್ಯಾಕ್ಸ್’ ಅನ್ನೇ ಕೊಟ್ಟರೆ ಮುಗಿಯಿತು. ಮೈನಸ್ ಇನ್ಫಿನಿಟಿಯಿಂದ ಶುರುವಾಗುವ ‘ಫೋಲ್ಡ್’ ಖಾಲಿ ಪಟ್ಟಿಗೂ ಮೈನಸ್ ಇನ್ಫಿನಿಟಿ ಕೊಟ್ಟುಬಿಡುತ್ತದೆ, ಅದು ಲೆಕ್ಕದೊಳಗೆ ನುಸುಳಿದರೆ ಪತ್ತೆಹಚ್ಚುವುದು ಕಷ್ಟ. ಇಲ್ಲಿ ಸ್ವಚ್ಛವಾಗಿ ‘ನನ್’ ಬರುತ್ತದೆ. ‘ಎಫ್64::ಮ್ಯಾಕ್ಸ್’ ನ್ಯಾನ್ (NaN, ಸಂಖ್ಯೆಯಲ್ಲದ ಬೆಲೆ) ಸಿಕ್ಕರೆ ಅದನ್ನು ಬಿಟ್ಟು ಇನ್ನೊಂದು ಸಂಖ್ಯೆಯನ್ನು ಉಳಿಸಿಕೊಳ್ಳುತ್ತದೆ. ಎಲ್ಲವೂ ನ್ಯಾನ್ ಆಗಿದ್ದರೆ ಮಾತ್ರ ಉತ್ತರ ನ್ಯಾನ್. ‘ಮ್ಯಾಕ್ಸ್_ಬೈ’ ಜೊತೆ ‘ಟೋಟಲ್_ಸಿಎಂಪಿ’ ಬಳಸಿದರೆ ಧನ ಚಿಹ್ನೆಯ ನ್ಯಾನ್ ಇನ್ಫಿನಿಟಿಗಿಂತಲೂ ಮೇಲೆ ಕೂರುತ್ತದೆ. ಎರಡೂ ಒಂದೇ ಎಂದುಕೊಂಡು ಅದಲುಬದಲು ಮಾಡಬೇಡಿ.

ಸಮಬಲದ ಅಂಶಗಳಿದ್ದಾಗಲೂ ರೆಡ್ಯೂಸ್ ಹಿಡಿತ ಕೊಡುತ್ತದೆ. ‘ಮ್ಯಾಕ್ಸ್_ಬೈ_ಕೀ’ ಸಮಬಲದಲ್ಲಿ ಕೊನೆಯದನ್ನು ಆರಿಸುತ್ತದೆ. ಮೊದಲನೆಯದೇ ಬೇಕಿದ್ದರೆ ರೆಡ್ಯೂಸ್ ಒಳಗೆ ‘ಎ ದೊಡ್ಡದು ಅಥವಾ ಸಮವಾದರೆ ಎ, ಇಲ್ಲದಿದ್ದರೆ ಬಿ’ ಎಂದು ಬರೆದರಾಯಿತು. ಇಲ್ಲಿ ರೆಫರೆನ್ಸನ್ನೇ ಹಿಂತಿರುಗಿಸುವುದರಿಂದ ನಕಲಿನ ಖರ್ಚೂ ಇಲ್ಲ.

ಕೆಲಸವನ್ನು ಸಮಾಂತರವಾಗಿ ನಡೆಸುವ ರೇಯಾನ್ ಕ್ರೇಟ್ ಬಳಸುವವರು ಒಂದು ಕಡೆ ಎಚ್ಚರವಾಗಿರಬೇಕು. ‘ಇಟರ್’ ಅನ್ನು ‘ಪ್ಯಾರ್_ಇಟರ್’ ಮಾಡಿದ ಕೂಡಲೇ ರೆಡ್ಯೂಸ್ ಎರಡು ಕ್ಲೋಶರ್ ಕೇಳುತ್ತದೆ, ಅದರಲ್ಲಿ ಮೊದಲನೆಯದು ಆರಂಭದ ಬೆಲೆ ಕೊಡುವಂಥದ್ದು. ಸ್ಟ್ಯಾಂಡರ್ಡ್ ಲೈಬ್ರರಿಯ ರೆಡ್ಯೂಸ್‌ಗೆ ಅಲ್ಲಿನ ಜೋಡಿ ‘ರೆಡ್ಯೂಸ್_ವಿತ್’. ಕೆಲಸ ಹಲವು ತುಂಡಾಗಿ ಹಂಚಿಹೋಗುವುದರಿಂದ ಕಳೆಯುವಿಕೆಯಂಥ, ಗುಂಪು ಬದಲಾದರೆ ಉತ್ತರ ಬದಲಾಗುವ ಲೆಕ್ಕ ಅಲ್ಲಿ ಕೆಡುತ್ತದೆ.

ಹಳೆಯ ನೈಟ್ಲಿ ಕೋಡ್ ಕೈಗೆ ಸಿಕ್ಕರೆ ‘ಫೋಲ್ಡ್_ಫಸ್ಟ್’ ಅನ್ನು ರೆಡ್ಯೂಸ್ ಎಂದು ಬದಲಿಸಿ, ಫೀಚರ್ ಸಾಲು ಅಳಿಸಿ. ಕ್ಲೋಶರ್ ಮುಟ್ಟಬೇಕಿಲ್ಲ. ನಿಮ್ಮದೇ ಟ್ರೇಟ್ ಇಟರೇಟರ್‌ಗಳಿಗೆ ರೆಡ್ಯೂಸ್ ಎಂಬ ಮೆಥಡ್ ಕೊಟ್ಟಿದ್ದರೆ ಯಾವುದನ್ನು ಕರೆಯಬೇಕೆಂದು ಸ್ಪಷ್ಟವಿಲ್ಲ ಎನ್ನುವ ಇ0034 ದೋಷ ಬರಬಹುದು, ಆಗ ಟ್ರೇಟ್‌ನ ಹೆಸರು ಹಿಡಿದೇ ಕರೆಯಬೇಕು.

ಕೊರತೆಯೆಂದರೆ ನಡುವೆ ನಿಲ್ಲಿಸುವ ‘ಟ್ರೈ_ರೆಡ್ಯೂಸ್’ ಇನ್ನೂ ಸ್ಟೇಬಲ್ ಆಗಿಲ್ಲ. ಓವರ್‌ಫ್ಲೋ (ಟೈಪ್‌ನ ಮಿತಿ ಮೀರುವುದು) ಆದರೆ ನಿಲ್ಲಬೇಕಾದ ಕೂಡಿಕೆಗೆ ‘ನೆಕ್ಸ್ಟ್’ ಅನ್ನು ನೀವೇ ಕರೆದು, ಉಳಿದದ್ದಕ್ಕೆ ‘ಟ್ರೈ_ಫೋಲ್ಡ್’ ಒಳಗೆ ‘ಚೆಕ್ಡ್_ಆ್ಯಡ್’ ಬಳಸಿ. ‘ನೆಕ್ಸ್ಟ್’ ಕೊಟ್ಟ ‘ನನ್’ ಅನ್ನು ಪ್ರಶ್ನಾರ್ಥಕ ಚಿಹ್ನೆಯಿಂದ ದಾಟಿಸದೆ ‘ಮ್ಯಾಚ್’ನಲ್ಲಿ ಬೇರೆ ಮಾಡಿ. ಇಲ್ಲದಿದ್ದರೆ ಪಟ್ಟಿ ಖಾಲಿಯಿತ್ತೋ, ಓವರ್‌ಫ್ಲೋ ಆಯಿತೋ ತಿಳಿಯುವುದಿಲ್ಲ.