ಕ್ಯಾಸಿನೊ ವಿರೋಧದಲ್ಲಿ ನಮ್ಮ ಮನೆಮಾಲೀಕರ ಸಂಘದ ಸೇವೆ

ಅಮೆರಿಕದಲ್ಲಿ ಮನೆಮಾಲೀಕರ ಸಂಘವೆಂದರೆ ಹುಲ್ಲಿನ ಎತ್ತರ, ಬೇಲಿಯ ಬಣ್ಣ ನೋಡಿ ನೋಟಿಸು ಕಳಿಸುವ ಸಂಸ್ಥೆಯೆಂದೇ ಭಾವಿಸಿದ್ದ ನನಗೆ, ಬಡಾವಣೆಯ ಪಕ್ಕದಲ್ಲಿ ಅಮೆರಿಕದ ಮೂಲನಿವಾಸಿ ಬುಡಕಟ್ಟೊಂದು ಕ್ಯಾಸಿನೊ ಕಟ್ಟುವ ಪ್ರಸ್ತಾಪ ಬಂದಾಗ ನಮ್ಮ ಸಂಘ ನಡೆದುಕೊಂಡ ರೀತಿ ಹಿಡಿಸಿತು. ಕೂಗಾಟಕ್ಕಿಂತ ಕಾನೂನಿನ ಓದಿಗೆ ಅದು ಹೆಚ್ಚು ಸಮಯ ಕೊಟ್ಟಿತು. 1988ರ ಇಂಡಿಯನ್ ಗೇಮಿಂಗ್ ರೆಗ್ಯುಲೇಟರಿ ಕಾಯ್ದೆಯ ಪ್ರಕಾರ, ಆ ವರ್ಷದ ಅಕ್ಟೋಬರ್ 17ರ ನಂತರ ಟ್ರಸ್ಟ್‌ಗೆ, ಅಂದರೆ ಬುಡಕಟ್ಟಿನ ಪರವಾಗಿ ಫೆಡರಲ್ ಸರ್ಕಾರದ ಒಡೆತನಕ್ಕೆ, ಸೇರಿದ ಜಮೀನಿನಲ್ಲಿ ಜೂಜಿಗೆ ಸಾಮಾನ್ಯವಾಗಿ ನಿಷೇಧವಿದೆ. ವಿನಾಯಿತಿಗಳ ಪೈಕಿ ಒಂದಕ್ಕೆ, ಕ್ಯಾಸಿನೊ ಬುಡಕಟ್ಟಿಗೆ ಹಿತಕರವೆಂದೂ ಸುತ್ತಲಿನ ಸಮುದಾಯಕ್ಕೆ ಹಾನಿಕರವಲ್ಲವೆಂದೂ ಫೆಡರಲ್ ಇಂಟೀರಿಯರ್ ಕಾರ್ಯದರ್ಶಿ (ಬುಡಕಟ್ಟುಗಳ ವ್ಯವಹಾರವೂ ಸೇರಿದ ಖಾತೆಯ ಸಚಿವರು) ನಿರ್ಣಯಿಸಬೇಕು, ರಾಜ್ಯದ ಗವರ್ನರ್ ಅದಕ್ಕೆ ಸಮ್ಮತಿಸಬೇಕು. ಸಂಘ ಪಟ್ಟು ಹಿಡಿದದ್ದು ಈ 'ಹಾನಿ' ಎಂಬ ಪದವನ್ನೇ. ಸಂಜೆ ಐದರಿಂದ ಏಳರವರೆಗೆ ಅಡ್ಡರಸ್ತೆಯಲ್ಲಿ ಮಡಚುವ ಕುರ್ಚಿ ಹಾಕಿ ಕುಳಿತ ಸದಸ್ಯರು, ವಾಹನಗಳನ್ನು ಪೆನ್ಸಿಲ್ಲಿನಲ್ಲಿ ಗೀಟು ಹಾಕಿ ಎಣಿಸಿದ ಹಾಳೆಗಳನ್ನು ಆಕ್ಷೇಪಣೆಗೆ ಲಗತ್ತಿಸಿದರು.

ದೂರುಗಳೂ ಇವೆ. ವಕೀಲರ ಶುಲ್ಕಕ್ಕಾಗಿ ವಿಶೇಷ ವಂತಿಗೆಯನ್ನು ಸಭೆಯಲ್ಲಿ ಚರ್ಚಿಸದೆಯೇ ಬಿಲ್ಲಿಗೆ ಸೇರಿಸಿದ್ದರು. ಅದಕ್ಕಿಂತ ಬೇಸರ ತಂದದ್ದು ಮೊದಲ ಕರಪತ್ರ: ಅದು ಯೋಜನೆಯನ್ನು ಬಿಟ್ಟು ಬುಡಕಟ್ಟಿನವರನ್ನೇ ಹೀಯಾಳಿಸುವಂತಿತ್ತು, ಹಿಂಪಡೆಯಲು ಎರಡು ವಾರ ಹಿಡಿಯಿತು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆ ಆ ಕರಪತ್ರದ ಲೆಕ್ಕಕ್ಕೆ.