ದೊಡ್ಡ ಬೈಕಿನ ಎತ್ತರ ಇಳಿಸುವ ಮೊದಲು ಸೈಡ್ ಸ್ಟ್ಯಾಂಡ್ ನೋಡಿ

ಸ್ಪ್ಲೆಂಡರ್‌ನಂಥ ಹಳೆಯ ಬೈಕು ಮಾರಿ ಎತ್ತರದ ಅಡ್ವೆಂಚರ್ ಬೈಕು ಕೊಳ್ಳಲು ಹೊರಟಿರುವವರು, ಅದರಲ್ಲೂ ಐದೂವರೆ ಅಡಿಗಿಂತ ಕುಳ್ಳಗಿರುವವರು, ದಯವಿಟ್ಟು ಇದನ್ನು ಓದಿ. ‘ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿಲ್ಲವೇ? ಚಿಂತೆ ಬೇಡ, ಲಿಂಕ್ (ಹಿಂದಿನ ಶಾಕ್ ಅಬ್ಸಾರ್ಬರಿಗೆ ಸೇರುವ ಲೋಹದ ಪಟ್ಟಿ) ಹಾಕಿ ಬೈಕನ್ನೇ ಇಳಿಸಿಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ, ‘ಸೈಡ್ ಸ್ಟ್ಯಾಂಡನ್ನು ಏನು ಮಾಡುತ್ತೀರಿ?’ ಎಂದು ಅಲ್ಲೇ ಕೇಳಿ. ಉತ್ತರ ತಡವರಿಸಿದರೆ ಕೀ ಕೊಡಬೇಡಿ. ನಮ್ಮ ಬೈಕನ್ನು ಇಳಿಸಿದವರು ಸ್ಟ್ಯಾಂಡಿನ ಮಾತೇ ಎತ್ತಲಿಲ್ಲ. ಅದರ ಫಲವಾಗಿ ನನ್ನ ಹೆಂಡತಿಯ ಬಲಗಾಲಿನ ಹರಡು ಮುರಿಯಿತು.

ನಾನು ದಾವಣಗೆರೆಯವನು, ಮಾಯಕೊಂಡದ ಕಡೆಯ ಶಾಲೆಯೊಂದರಲ್ಲಿ ಮೇಷ್ಟರು. ಹೀರೋ ಮತ್ತು ಹೋಂಡಾ ಬೇರೆಯಾಗುವ ಮುಂಚೆ ಕೊಂಡ ಸ್ಪ್ಲೆಂಡರ್‌ನಲ್ಲೇ ಇಷ್ಟು ವರ್ಷ ಓಡಾಡಿದೆ. ಮಗ ಕೆಲಸಕ್ಕೆ ಸೇರಿದ ಮೇಲೆ, ‘ಅಪ್ಪಾ, ನೀವೂ ಅಮ್ಮನೂ ಊರು ನೋಡಬೇಕು ಎನ್ನುತ್ತಲೇ ಇರುತ್ತೀರಿ, ಒಂದು ಒಳ್ಳೆಯ ಬೈಕು ತೆಗೆದುಕೊಳ್ಳಿ’ ಎಂದು ಒತ್ತಾಯಿಸಿದ. ನನಗೂ ಅದು ಬಹಳ ಕಾಲದ ಆಸೆ. ವಯಸ್ಸಾದವರಿಗೆ ಇಂಥ ಬೈಕೇಕೆ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಆಸೆ ಸರಿಯಾದದ್ದೇ, ಬೈಕೂ ಒಳ್ಳೆಯದೇ. ಕೆಟ್ಟದ್ದು ಅವೆರಡರ ನಡುವೆ ಆದ ಅರ್ಧಂಬರ್ಧ ಕೆಲಸ.

ಸಣ್ಣ ಬೈಕಿನಿಂದ ದೊಡ್ಡದಕ್ಕೆ ಹೋಗುವಾಗ ಎಲ್ಲರೂ ಎಂಜಿನ್ನಿನ ಶಕ್ತಿಯ ಬಗ್ಗೆಯೇ ಎಚ್ಚರಿಸುತ್ತಾರೆ. ಶಕ್ತಿ ನಿಮ್ಮ ಬಲಗೈಯಲ್ಲಿದೆ, ನಿಧಾನವಾಗಿ ಹಿಡಿತಕ್ಕೆ ಬರುತ್ತದೆ. ಗೇರಿನ ಕ್ರಮ ಹಾಗಲ್ಲ. ಸ್ಪ್ಲೆಂಡರ್‌ನಲ್ಲಿ ನಾಲ್ಕೂ ಗೇರುಗಳನ್ನು ಮುಂದಕ್ಕೆ ಒತ್ತುತ್ತಲೇ ಏರಿಸುತ್ತೇವೆ. ಆರು ಗೇರುಗಳ ದೊಡ್ಡ ಬೈಕುಗಳಲ್ಲಿ ಮೊದಲನೆಯದು ಮಾತ್ರ ಕೆಳಕ್ಕೆ, ಉಳಿದವೆಲ್ಲ ಮೇಲಕ್ಕೆ. ವರ್ಷಗಟ್ಟಲೆ ಒತ್ತಿ ಅಭ್ಯಾಸವಾದ ಕಾಲು ವೇಗದಲ್ಲಿ ಹೋಗುವಾಗ ಹಾಗೆಯೇ ಒತ್ತಿದರೆ ಗೇರು ಇಳಿದು ಹಿಂದಿನ ಚಕ್ರ ಬಿಗಿಯುತ್ತದೆ. ಹೆದ್ದಾರಿಗೆ ಇಳಿಯುವ ಮುನ್ನ ಬೆಳಗಿನ ಹೊತ್ತು ಕುಂದವಾಡ ಕೆರೆಯ ಕಡೆಯ ಖಾಲಿ ರಸ್ತೆಗಳಲ್ಲಿ ಇದನ್ನು ಕಾಲಿಗೆ ಕಲಿಸಬೇಕು. ನಮ್ಮಲ್ಲಿ ನೂರು ಸಿಸಿಗೂ ಸಾವಿರ ಸಿಸಿಗೂ ಒಂದೇ ಲೈಸೆನ್ಸ್ ಸಾಕು. ಹೀಗಾಗಿ ಇದನ್ನು ಯಾವ ಪರೀಕ್ಷೆಯೂ ಕಲಿಸುವುದಿಲ್ಲ.

ಇನ್ನು ತೂಕ ಮತ್ತು ಎತ್ತರ. ಸ್ಪ್ಲೆಂಡರ್ ಪ್ಲಸ್‌ನ ಸೀಟು ನೆಲದಿಂದ 785 ಮಿಲಿಮೀಟರ್, ತೂಕ 112 ಕೆಜಿ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ ಸೀಟು 825 ಮಿಲಿಮೀಟರ್, ತೂಕ 196 ಕೆಜಿ. 2020ರಲ್ಲಿ ಬಂದ ಕೆಟಿಎಂ 390 ಅಡ್ವೆಂಚರ್‌ನ ಸೀಟು 855 ಮಿಲಿಮೀಟರ್. ನನ್ನ ಬೈಕು ಯಾವುದೆಂದು ಹೇಳುವುದಿಲ್ಲ, ಏಕೆಂದರೆ ದೂರು ಬೈಕಿನ ಮೇಲಲ್ಲ. ಹೋಲಿಕೆಗೆಂದು ಮಾತ್ರ ಈ ಅಂಕಿಗಳನ್ನು ಕೊಟ್ಟಿದ್ದೇನೆ. ಕಾಗದದ ಮೇಲೆ ನಾಲ್ಕರಿಂದ ಏಳು ಸೆಂಟಿಮೀಟರ್ ವ್ಯತ್ಯಾಸ ಏನೂ ಅಲ್ಲವೆನಿಸುತ್ತದೆ. ಆದರೆ ಇಂಥ ಬೈಕುಗಳ ಸೀಟು ಅಗಲ. ತೊಡೆ ಅಗಲವಾದಷ್ಟೂ ಪಾದ ನೆಲದಿಂದ ದೂರವಾಗುತ್ತದೆ. ಐದು ಅಡಿ ನಾಲ್ಕು ಅಂಗುಲದ ನನಗೆ ಎರಡೂ ಕಡೆ ಹೆಬ್ಬೆರಳ ತುದಿ ಮಾತ್ರ ತಾಗುತ್ತಿತ್ತು. ಪಿ.ಬಿ. ರಸ್ತೆಯ ಸಿಗ್ನಲ್ಲಿನಲ್ಲಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹಾಗೆ ನಿಲ್ಲುವುದು ಕಷ್ಟವೆಂದು ಆ ಬೈಕಿಗೆ ಸಾಮಾನು ಜೋಡಿಸಿಕೊಡುವ ಅಂಗಡಿಯವರಿಗೆ ನಾನೇ ಹೇಳಿದೆ.

ಅಲ್ಲಿದ್ದವನು ತುಂಬು ವಿಶ್ವಾಸದಿಂದ ಮಾತನಾಡಿದ. ‘ಸರ್, ಎಲ್ಲರೂ ಮಾಡಿಸುತ್ತಾರೆ. ಒಂದು ಗಂಟೆಯ ಕೆಲಸ. ಒಂದೂಕಾಲು ಅಂಗುಲ ಇಳಿಯುತ್ತದೆ, ನೀವು ಆರಾಮಾಗಿ ಕಾಲು ಊರಬಹುದು.’ ಬೇರೆ ಏನನ್ನಾದರೂ ಬದಲಾಯಿಸಬೇಕೇ ಎಂದು ಕೇಳಿದೆ. ‘ಏನೂ ಬೇಡ ಸರ್’ ಎಂದ. ಆ ಮೂರು ಪದಗಳನ್ನು ನಾನು ಮರೆತಿಲ್ಲ. ಕೊಟ್ಟ ಬಿಲ್ಲಿನಲ್ಲಿ ‘ಬಿಡಿಭಾಗ ಮತ್ತು ಕೂಲಿ’ ಎಂದಷ್ಟೇ ಇತ್ತು.

ಆ ಲಿಂಕ್ ಮಾಡುವ ಕೆಲಸ ಇಷ್ಟು. ಹಿಂದಿನ ಚಕ್ರವನ್ನು ಹಿಡಿದಿರುವ ಭಾಗಕ್ಕೂ ಶಾಕ್ ಅಬ್ಸಾರ್ಬರಿಗೂ ನಡುವೆ ಎರಡು ಲೋಹದ ಪಟ್ಟಿಗಳಿರುತ್ತವೆ. ಅವುಗಳ ಜಾಗದಲ್ಲಿ ಬೇರೆ ಅಳತೆಯ ಪಟ್ಟಿ ಹಾಕಿದರೆ ಬೈಕಿನ ಹಿಂಭಾಗ ಕುಳಿತುಕೊಳ್ಳುತ್ತದೆ. ಜೊತೆಗೆ ಸೈಡ್ ಸ್ಟ್ಯಾಂಡ್ ಚೌಕಟ್ಟಿಗೆ ಸೇರುವ ಜಾಗವೂ ನೆಲಕ್ಕೆ ಹತ್ತಿರವಾಗುತ್ತದೆ. ಸ್ಟ್ಯಾಂಡಿನ ಉದ್ದ ಮಾತ್ರ ಹಾಗೆಯೇ ಉಳಿಯುತ್ತದೆ. ಎಡಕ್ಕೆ ಚೆನ್ನಾಗಿ ಒರಗಿ ನಿಲ್ಲಬೇಕಾದ ಬೈಕು ಆಗ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ. ಹಿಂದಿನ ಪೆಟ್ಟಿಗೆಗಳಲ್ಲಿ ಸಾಮಾನು ತುಂಬಿದರೆ ಶಾಕ್ ಇನ್ನಷ್ಟು ಕುಗ್ಗಿ ಬೈಕು ಮತ್ತೂ ನೆಟ್ಟಗಾಗುತ್ತದೆ. ಹೀಗಾಗಿ ಅಂಗಡಿಯ ಮುಂದೆ ಖಾಲಿ ಬೈಕು ನಿಂತದ್ದನ್ನು ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಹಿಂಭಾಗವನ್ನು ಮಾತ್ರ ಇಳಿಸಿ ಮುಂಭಾಗವನ್ನು ಹಾಗೆಯೇ ಬಿಟ್ಟರೆ ಇನ್ನೂ ಕೆಲವು ತೊಂದರೆಗಳಿವೆ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಓರೆ ಹೆಚ್ಚಿ ಹ್ಯಾಂಡಲ್ ತಿರುವಿನಲ್ಲಿ ಜಡವಾಗುತ್ತದೆ. ಹೆಡ್‌ಲೈಟ್ ಮೇಲಕ್ಕೆ ಹಾಯ್ದು ಎದುರಿನವರ ಕಣ್ಣು ಕುಕ್ಕುತ್ತದೆ. ನೆಲದ ಅಂತರ ಕಡಿಮೆಯಾಗಿ ಹಳ್ಳಿಗಳ ಎತ್ತರದ ಹಂಪುಗಳಲ್ಲಿ ಅಡಿಭಾಗ ಉಜ್ಜುತ್ತದೆ. ಕೆಟ್ಟ ರಸ್ತೆಗೆಂದೇ ಕೊಂಡ ಬೈಕು ಕೆಟ್ಟ ರಸ್ತೆಗೇ ಆಗದಂತಾಗುತ್ತದೆ.

ಘಟನೆ ನಡೆದದ್ದು ಆಷಾಢದಲ್ಲಿ. ಚಿತ್ರದುರ್ಗದಲ್ಲಿ ನಾದಿನಿಯ ಮನೆಯಿದೆ. ಅಲ್ಲಿ ಉಳಿದು, ಜೋಗಿಮಟ್ಟಿ ಗುಡ್ಡ ನೋಡಿಕೊಂಡು, ಮಾರನೆಯ ದಿನ ಹೆದ್ದಾರಿಯಲ್ಲಿ ದಾವಣಗೆರೆಗೆ ವಾಪಸಾಗುತ್ತಿದ್ದೆವು. ಆ ಗುಡ್ಡಗಳ ಮೇಲೆ ಸಾಲುಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವ ಸೀಮೆ ಅದು. ಆಷಾಢದ ಪಡುವಣ ಗಾಳಿ ಎಷ್ಟು ಜೋರೆಂದು ಅಲ್ಲಿನವರಿಗೆ ಹೇಳಬೇಕಾಗಿಲ್ಲ. ದಾವಣಗೆರೆಯಿಂದ ಹೋಗುವಾಗ ಆ ಗಾಳಿ ಬಲಗಡೆಯಿಂದ ಬರುತ್ತದೆ. ಬರುವಾಗ ಎಡಗಡೆಯಿಂದ ಹೊಡೆಯುತ್ತದೆ. ಭರಮಸಾಗರದ ಹತ್ತಿರ ಚಹಾಕ್ಕೆಂದು ನಿಲ್ಲಿಸಿದೆ. ಅಂಗಡಿಯ ಅಂಗಳ ಎಡಗಡೆಗೆ ತುಸು ಏರಾಗಿತ್ತು. ಕಣ್ಣಿಗೆ ಕಾಣುವಷ್ಟೂ ಅಲ್ಲ. ಸ್ಟ್ಯಾಂಡ್ ಹಾಕಿ, ಗೇರಿನಲ್ಲೇ ನಿಲ್ಲಿಸಿ, ಹ್ಯಾಂಡಲ್ ತಿರುಗಿಸಿ ಇಳಿದೆ. ಹೆಂಡತಿ ಬಲಗಡೆಯ ಪೆಟ್ಟಿಗೆಯಿಂದ ನೀರಿನ ಬಾಟಲಿ ತೆಗೆಯಲು ಬಾಗಿದಳು. ಒಂದು ಬೀಸು ಗಾಳಿ ಬಂತು. ಬೈಕು ಸ್ಟ್ಯಾಂಡಿನಿಂದ ಎದ್ದು, ನೆಟ್ಟಗಾಗಿ, ಅವಳ ಮೇಲೆಯೇ ಉರುಳಿತು.

ಸಾಮಾನು ಸೇರಿ ಇನ್ನೂರು ಕೆಜಿ ಮೀರಿದ ತೂಕ ಅದು. ಪೆಟ್ಟಿಗೆಯ ಅಂಚು ಹರಡಿನ ಮೇಲೆ ಕೂತಿತ್ತು. ಅಂಗಡಿಯವರು, ಪಕ್ಕದಲ್ಲಿ ನಿಂತಿದ್ದ ಲಾರಿಯ ಚಾಲಕ, ಕ್ಲೀನರ್ ಎಲ್ಲರೂ ಓಡಿಬಂದು ಎತ್ತಿದರು. ಅವರ ಹೆಸರನ್ನೂ ಕೇಳಲಾಗಲಿಲ್ಲ, ಅವರ ಋಣ ದೊಡ್ಡದು. ದಾವಣಗೆರೆಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಪ್ಲೇಟು, ಸ್ಕ್ರೂ ಹಾಕಿದರು. ಅವಳು ಮನೆಯಲ್ಲಿ ರವಿಕೆ ಹೊಲಿಯುತ್ತಾಳೆ. ಕಾಲಿನಿಂದ ತುಳಿಯುವ ಯಂತ್ರ. ಮದುವೆಯ ಹಂಗಾಮಿನ ಬಟ್ಟೆಗಳನ್ನೆಲ್ಲ ಬೇರೆಯವರಿಗೆ ದಾಟಿಸಬೇಕಾಯಿತು. ಈಗ ಮೋಟಾರು ಜೋಡಿಸಿಕೊಂಡಿದ್ದೇವೆ, ಆದರೂ ಸಂಜೆಯ ಹೊತ್ತಿಗೆ ಹರಡು ಊದಿಕೊಳ್ಳುತ್ತದೆ. ದುಡ್ಡಿಗಿಂತ ನನ್ನನ್ನು ಹೆಚ್ಚು ಕೆರಳಿಸುವುದು ಇದು. ಒಂದು ಸ್ಟ್ಯಾಂಡನ್ನು ಅಂಗುಲದಷ್ಟು ಗಿಡ್ಡ ಮಾಡಿದ್ದರೆ ತಪ್ಪುತ್ತಿದ್ದ ನೋವು!

ಅಂಗಡಿಗೆ ಹೋಗಿ ಕೇಳಿದಾಗ ಸಿಕ್ಕ ಉತ್ತರ: ‘ಸ್ಟ್ಯಾಂಡಿನ ಬಗ್ಗೆ ನೀವು ಹೇಳಿರಲಿಲ್ಲವಲ್ಲ ಸರ್.’ ಲಿಂಕ್ ಹಾಕುವುದನ್ನೇ ಕಸುಬು ಮಾಡಿಕೊಂಡವರಿಗೆ ಗಿರಾಕಿ ಹೇಳಿಕೊಡಬೇಕಂತೆ. ಬೈಕಿನ ಟ್ಯಾಂಕು, ಹ್ಯಾಂಡಲ್, ಗಾಜು ಹಾಳಾಗಿದ್ದಕ್ಕೆ ವಿಮೆ ಕೇಳಿದರೆ, ಪರಿಶೀಲನೆಗೆ ಬಂದವರು ಕಂಪನಿಯದಲ್ಲದ ಭಾಗವಿರುವುದನ್ನು ಬರೆದುಕೊಂಡು ಹೋದರು. ಮಾರ್ಪಾಡನ್ನು ಮೊದಲೇ ತಿಳಿಸಿಲ್ಲವೆಂಬ ಕಾರಣ ಕೊಟ್ಟು ಕ್ಲೇಮ್ ತಿರಸ್ಕರಿಸಿದರು. ಇನ್ನೊಂದು ವಿಷಯವನ್ನು ದಂಪತಿಗಳಾಗಿ ಓಡಾಡುವವರು ತಿಳಿದಿರಬೇಕು. ಪಾಲಿಸಿಯೊಂದಿಗೆ ಬರುವ 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಬೈಕಿನ ಮಾಲೀಕ ಚಾಲಕನಿಗೆ ಮಾತ್ರ, ಅದೂ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ. ಹಿಂದೆ ಕೂರುವವರಿಗೆ ಬೇಕೆಂದರೆ ಬೇರೆಯಾಗಿ ಕೇಳಿ ಸೇರಿಸಬೇಕು. ಆಸ್ಪತ್ರೆಯ ಖರ್ಚಿಗೆ ಆರೋಗ್ಯ ವಿಮೆಯೇ ಗತಿ.

ಜನ ಈ ಅಗ್ಗದ ಲಿಂಕಿಗೆ ಏಕೆ ಒಲಿಯುತ್ತಾರೆಂದು ನನಗೆ ಅರ್ಥವಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕುಗಳ ಮೇಲೆ ಜಿಎಸ್‌ಟಿ ಶೇಕಡಾ 40, ಅದರೊಳಗಿನವಕ್ಕೆ 18. ಅಷ್ಟೆಲ್ಲ ತೆತ್ತ ಮೇಲೆ ಇನ್ನೊಂದು ಸೀಟಿಗೆ ದುಡ್ಡು ಹಾಕಲು ಮನಸ್ಸು ಬರುವುದಿಲ್ಲ. ಆದರೂ ಮೊದಲು ಸೀಟನ್ನೇ ನೋಡಿ. ಹಲವು ಕಂಪನಿಗಳು ತಗ್ಗಿನ ಸೀಟನ್ನು ತಾವೇ ಮಾರುತ್ತವೆ. ಹಿಮಾಲಯನ್ 450ಕ್ಕೆ 805 ಮಿಲಿಮೀಟರಿನ ಸೀಟು ಇದೆ. ಸೀಟು ಬದಲಾದರೆ ಸ್ಟ್ಯಾಂಡ್, ಫೋರ್ಕು, ಹೆಡ್‌ಲೈಟು ಯಾವುದೂ ಕದಲುವುದಿಲ್ಲ. ದಪ್ಪ ಅಟ್ಟೆಯ ಬೂಟು ಕೂಡ ಸ್ವಲ್ಪ ನೆರವಾಗುತ್ತದೆ. ಒಂದು ಪಾದ ಪೂರ್ತಿ ಊರಿ, ಇನ್ನೊಂದನ್ನು ಬ್ರೇಕಿನ ಮೇಲಿಟ್ಟು ನಿಲ್ಲುವುದನ್ನು ಕಲಿತರೆ ಎರಡೂ ಕಾಲು ಚಪ್ಪಟೆಯಾಗಿ ತಾಗಲೇಬೇಕೆಂದಿಲ್ಲ. ಇದಾವುದೂ ಆಗದೆ ಲಿಂಕೇ ಬೇಕಾದರೆ, ಮುಂದಿನ ಫೋರ್ಕನ್ನೂ ತಕ್ಕಷ್ಟು ಇಳಿಸಬೇಕು, ಗಿಡ್ಡನೆಯ ಸ್ಟ್ಯಾಂಡ್ ಹಾಕಬೇಕು, ಹೆಡ್‌ಲೈಟಿನ ಮಟ್ಟ ಸರಿಪಡಿಸಬೇಕು. ಈ ಮೂರೂ ಬಿಲ್ಲಿನಲ್ಲಿ ಹೆಸರಿನೊಂದಿಗೆ ಬರಬೇಕು. ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು.

ನಮ್ಮ ಹಾಗೆ ಪೆಟ್ಟು ತಿಂದವರು ಸುಮ್ಮನಿರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಸಹಾಯವಾಣಿ 1915. ನಾವೂ ದೂರು ಸಲ್ಲಿಸಿದ್ದೇವೆ. ‘ಬಿಡಿಭಾಗ ಮತ್ತು ಕೂಲಿ’ ಎಂಬ ಆ ಒಂದು ಸಾಲಿನ ಬಿಲ್ಲು ಈಗ ನಮಗೆ ದೊಡ್ಡ ತೊಡಕಾಗಿದೆ. ಹಾಕಿದ ಭಾಗದ ಹೆಸರು, ಅಳತೆ ಬರೆಸದೆ ಹಣ ಕೊಡಬೇಡಿ.

ಈಗಾಗಲೇ ಲಿಂಕ್ ಹಾಕಿಸಿಕೊಂಡಿರುವವರು ಇವತ್ತೇ ಒಮ್ಮೆ ಪರೀಕ್ಷಿಸಿ. ಮಟ್ಟಸ ನೆಲದಲ್ಲಿ, ಪ್ರಯಾಣಕ್ಕೆ ತುಂಬುವಷ್ಟೇ ಸಾಮಾನು ತುಂಬಿ, ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬಲಗಡೆ ಗಟ್ಟಿ ಆಳೊಬ್ಬ ಬೈಕನ್ನು ಹಿಡಿಯಲು ಸಿದ್ಧನಾಗಿರಲಿ. ನೀವು ಎಡಗಡೆ ನಿಂತು ಹ್ಯಾಂಡಲನ್ನು ಅಂಗೈಯಿಂದ ಮೆಲ್ಲಗೆ ಬಲಕ್ಕೆ ತಳ್ಳಿ. ಅಷ್ಟಕ್ಕೇ ಸ್ಟ್ಯಾಂಡ್ ನೆಲ ಬಿಟ್ಟರೆ ಅದು ಉದ್ದವಾಯಿತೆಂದೇ ಅರ್ಥ. ಸರಿಪಡಿಸುವವರೆಗೆ ಬೈಕಿನ ಬಲಗಡೆ ಯಾರನ್ನೂ, ಮುಖ್ಯವಾಗಿ ಮಕ್ಕಳನ್ನು, ನಿಲ್ಲಲು ಬಿಡಬೇಡಿ. ಸಾಮಾನನ್ನು ಎಡಗಡೆಯಿಂದಲೇ ಇಳಿಸಿ. ಗಾಳಿ ಬಲಗಡೆಯಿಂದ ಬೀಸುವಂತೆ, ಸ್ಟ್ಯಾಂಡಿನ ಕಡೆಗೇ ಒತ್ತುವಂತೆ ಬೈಕನ್ನು ತಿರುಗಿಸಿ ನಿಲ್ಲಿಸಿ. ಬಿಚ್ಚಿದ ಹಳೆಯ ಲಿಂಕನ್ನು ಅಂಗಡಿಯವರು ಇಟ್ಟುಕೊಂಡಿದ್ದರೆ ಕೇಳಿ ವಾಪಸ್ ಪಡೆಯಿರಿ. ಅದು ನಿಮ್ಮದು, ಮತ್ತೆ ಜೋಡಿಸಲು ಬೇಕಾಗುತ್ತದೆ.